ಮಣಿಕಟ್ಟಿನವರೆಗಿನ ಆದೇಶ

ಕಾರ್ಮಿಕ ಅಧಿಕಾರಿ ಗೇಟಿನಲ್ಲಿ ಆದೇಶ ಓದಿದೊಡನೆ, ಮುಷ್ಕರಕ್ಕೆ ಕೂತಿದ್ದ ಹೆಂಗಸರ ಕೈಗಳು ಎಂದಿನಂತೆ ಮಣಿಕಟ್ಟಿನಲ್ಲಿ ಕಳಚಿಕೊಂಡು ಗಾರ್ಮೆಂಟ್ಸ್ ಕಾರ್ಖಾನೆಯೊಳಗೆ ತೆವಳಿದವು. ಸರ್ಕಾರದ ಅಧಿಕಾರ ಅಷ್ಟರವರೆಗೆ ಮಾತ್ರ.

"ಮುಷ್ಕರ ಮುಗೀತಲ್ಲ, ತಿಪ್ಪಮ್ಮ?" ಎಂದ ಅಧಿಕಾರಿ, ಮುಂದಿನ ಸಾಲಿನಲ್ಲಿ ಕೂತಿದ್ದವಳಿಗೆ.

"ಶೌಚಕ್ಕೆ ಹೋಗೋಕೆ ಬಿಡುವು ಕೇಳಿದ್ವಿ ಸಾರ್. ಮಾಲೀಕರ ಕೈಗೂ ಒಂದು ಆದೇಶ ಓದಿ."

"ಅದು ನಮ್ಮ ವ್ಯಾಪ್ತಿಗೆ ಬರಲ್ಲಮ್ಮ."

"ಹಂಗಾದ್ರೆ ನನ್ನ ಮೂಗು ತುರಿಸ್ತಿದೆ, ಅದನ್ನಾದ್ರೂ ಕೆರೀರಿ."

ಹೆಂಗಸರು ನಕ್ಕರು.

ಸಂಜೆ ಸೂಪರ್‌ವೈಸರ್ ಅಂಗಿಗಳ ರಾಶಿ ಹೊತ್ತು ಓಡಿಬಂದ. ಪ್ರತಿ ತೋಳಿನ ತುದಿಯನ್ನೂ ಕೈಗಳು ಹೊಲಿದು ಮುಚ್ಚಿದ್ದವು. ಅಧಿಕಾರಿ ಆದೇಶವನ್ನು ಮತ್ತೆ ಓದಿಕೊಂಡ. ಅದರಲ್ಲಿ ಹೊಲಿಯಬೇಕು ಎಂದಷ್ಟೇ ಇತ್ತು.

"ಬಿಚ್ಚೋಕೆ ನೀನಾದ್ರೂ ಹೇಳಮ್ಮ," ಎಂದ.

"ನನ್ನ ಮಾತು ಅವು ಕೇಳೋದು ವಾಪಸ್ ಬಂದ್ಮೇಲೆ," ಎಂದಳು ತಿಪ್ಪಮ್ಮ. "ಮೊದಲು ಮಾಲೀಕರ ಕೈಲಿ ಬಿಡುವು ಬರೆಸಿ."