ಅಜ್ಜಿ ತೊಳೆದ ಮಷೀನು

೨೦೦೫ರಲ್ಲಿ, ಏಳನೆಯ ಇಯತ್ತೆಗೇ ನಾನು ಶಾಲೆ ಬಿಟ್ಟೆ. ಕಾಲೇಜಿನಲ್ಲಿದ್ದ ಅಣ್ಣ ಆ ವರ್ಷವೇ ಗೆಳೆಯರ ಜೊತೆ ಸೇರಿ ಇಚಲಕರಂಜಿಯ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ವಿಡಿಯೊ ಗೇಮ್ ಮಷೀನು ಇಟ್ಟ. ಖೋಲಿ ಬಿಟ್ಟುಕೊಟ್ಟ ಅಜ್ಜಿಯ ಕರಾರು ಒಂದೇ: ಜೈನರ ಮನೆಯೊಳಗೆ ತತ್ತಿ ಬರಕೂಡದು.

ಈಗಲೂ ಆಮ್ಲೆಟ್ಟಿನ ವಾಸನೆ ಬಂದರೆ ಆ ಮಧ್ಯಾಹ್ನ ನೆನಪಾಗುತ್ತದೆ.

ಹುಡುಗರು ಹೊರಗಿನ ಗಾಡಿಯಲ್ಲಿ ಆಮ್ಲೆಟ್ ಪಾವ್ ತಿಂದು, ಅದೇ ಕೈಯಲ್ಲಿ ಬಂದು ಆಡುತ್ತಿದ್ದರು. ಗುಂಡಿಗಳ ಸಂದಿಯಲ್ಲಿ ಎಣ್ಣೆ, ಬೆವರು, ಗುಟಕಾದ ಚೂರು ಸೇರಿ ಕರಿ ಜಿಡ್ಡು ಕಟ್ಟಿತ್ತು. ಆ ದಿನ ಅಜ್ಜಿ ಬಂದು ಹಿಡಿಕೆ ಮುಟ್ಟಿ ಬೆರಳು ಮೂಸಿದಳು.

“ತತ್ತಿ ಒಳಗ ಬಂದಿಲ್ಲ ಅಜ್ಜಿ,” ಎಂದ ಅಣ್ಣ.

“ಹೌದಪಾ, ಬರೇ ಕೈಯಾಗ ಬಂದೈತಿ.”

ಅಣ್ಣ ನನ್ನತ್ತ ಒಂದು ಅರಿವೆ ಎಸೆದ. “ಏ, ನೀ ಒರಸೋ. ನಿನಗೇನ ಸಾಲಿ ಅಭ್ಯಾಸ ಐತಿ?”

“ಅಂವ ಯಾಕ ಒರಸಬೇಕು? ಸಾಲಿ ಬಿಟ್ಟಾನ, ಮಾನ ಬಿಟ್ಟಿಲ್ಲ,” ಎಂದು ಅಜ್ಜಿ ಒಳಹೋಗಿ ಕೊಡ ತಂದಳು. ಅಣ್ಣ ಪ್ಲಗ್ ಕಿತ್ತ ಗಳಿಗೆಗೆ ಅಷ್ಟೂ ನೀರು ಮಷೀನಿನ ಮೇಲೆ ಬಿತ್ತು. ಅದು ಮತ್ತೆ ಚಾಲೂ ಆಗಲಿಲ್ಲ.

ಗಡಹಿಂಗ್ಲಜದಲ್ಲಿ ಕಾಲೇಜಿನ ಎದುರು ಈಗ ನನ್ನ ಸ್ವಂತ ಗೇಮ್ ಅಂಗಡಿ ಇದೆ. ಹತ್ತು ಮಷೀನು, ಬಾಗಿಲಲ್ಲೇ ಎರಡು ನಳ, ಒಂದು ಸಾಬೂನು.