ಹನ್ನೊಂದು ಸೆಕೆಂಡಿನ ದನಿ

ಬಸ್ ಡಿಪೋದ ವಾಚ್‌ಮನ್ ನಾಯಿಯನ್ನು ಹಗ್ಗದಲ್ಲಿ ಎಳೆದುಕೊಂಡು ಬಂದು ಅವಳ ಮನೆಯ ಗೇಟಿನ ಕಂಬಿಗೆ ಕಟ್ಟಿದ.

"ಅಕ್ಕಾ, ಈ ವಾರದಲ್ಲೇ ಇದು ನಾಲ್ಕನೇ ಸಲ. ಇವತ್ತು ಬಸ್ಸಿನ ಚಕ್ರದಿಂದ ಕೂದಲೆಳೆಯಲ್ಲಿ ಪಾರಾಯ್ತು. ಇನ್ನೊಂದ್ಸಲ ಬಂದ್ರೆ ನಾಯಿ ಹಿಡಿಯೋರಿಗೆ ಕೊಟ್ಟುಬಿಡು ಅಂದಿದ್ದಾರೆ ಮ್ಯಾನೇಜರು. ಆಮೇಲೆ ನನ್ನ ಬೈಬೇಡಿ."

ಅವಳ ಗಂಡ ಆ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ. ಎದೆನೋವೆಂದು ಆಸ್ಪತ್ರೆಗೆ ಹೋದವನು ತೀರಿಕೊಂಡು ಎರಡು ತಿಂಗಳಾಗಿತ್ತು. ಸಂಜೆ ನಾಲ್ಕಕ್ಕೆ, ಅವನ ಶಿಫ್ಟ್ ಮುಗಿಯುವ ಹೊತ್ತಿಗೆ ಸರಿಯಾಗಿ, ಅವನ ನಾಯಿ ಬೋಲ್ಟು ಹೇಗಾದರೂ ತಪ್ಪಿಸಿಕೊಂಡು ಡಿಪೋ ಬಾಗಿಲಿಗೆ ಓಡುತ್ತಿತ್ತು.

"ಕಟ್ಟಿಹಾಕಿದ್ರೆ ಕೂಗಿ ಕೂಗಿ ಸಾಯುತ್ತೆ ಅತ್ತಿಗೆ. ಕರೆದ್ರೆ ವಾಪಸ್ ಬರೋದನ್ನ ಕಲಿಸ್ಬೇಕು," ಎಂದಳು ಪಕ್ಕದ ಬೀದಿಯಲ್ಲಿದ್ದ ನಾದಿನಿ.

"ನಾನು ಕರೆದ್ರೆ ಎಲ್ಲಿ ಬರುತ್ತೆ? ಅದು ಕೇಳ್ತಿದ್ದದ್ದು ಅವರೊಬ್ಬರ ಮಾತು."

"ಅಣ್ಣನ ದನಿ ನಿಮ್ಮ ಫೋನಲ್ಲಿ ಇದೆಯಲ್ಲ?"

ಇತ್ತು. ಕೆಲಸ ತಡವಾದ ಒಂದು ದಿನ ಅವನು ನಾಯಿಗೆಂದೇ ಕಳಿಸಿದ್ದ ವಾಯ್ಸ್ ಮೆಸೇಜು, ಬರೀ ಹನ್ನೊಂದು ಸೆಕೆಂಡು. ಅವನು ಹೋದ ಮೇಲೆ ಅದನ್ನು ಕೇಳುವ ಧೈರ್ಯ ಅವಳಿಗೆ ಬಂದಿರಲಿಲ್ಲ.

ಮರುದಿನ ನಾಲ್ಕಕ್ಕೆ ಗೇಟು ತೆರೆದರು. ಬೋಲ್ಟು ಬಾಣದಂತೆ ಹೊರಟು ಬೀದಿಯ ತಿರುವು ಮುಟ್ಟಿತು. ಅವಳು ಫೋನು ಒತ್ತಿದಳು.

"ಏ ಬೋಲ್ಟು, ಬಂದೆ ಕಣೋ, ಬಂದುಬಿಟ್ಟೆ. ಎಲ್ಲೂ ಓಡಬೇಡ, ಮನೇಲೇ ಇರು."

ನಾಯಿ ಗಕ್ಕನೆ ನಿಂತಿತು. ತಿರುಗಿ, ಹೋದ ವೇಗದ ಎರಡರಷ್ಟು ವೇಗದಲ್ಲಿ ಓಡಿ ಬಂದು, ಅವಳನ್ನು ದಾಟಿ ಮನೆಯೊಳಗೆ ನುಗ್ಗಿತು. ಅಡುಗೆಮನೆ, ಬಚ್ಚಲು, ಮಂಚದಡಿ ಎಲ್ಲವನ್ನೂ ಮೂಸಿ ಮೂಸಿ ಹುಡುಕಿತು. ಅವನ ಚಪ್ಪಲಿಯ ಜಾಗದಲ್ಲಿ ನಿಂತು ಕುಂಯ್‌ಗುಟ್ಟಿತು. ಅವಳು ಅದರ ಮುಂದೆ ಒಂದು ರಸ್ಕು ಹಿಡಿದಳು. ತಿನ್ನಲಿಲ್ಲ.

ಮೊದಲ ದಿನ ನಾದಿನಿಯೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೂರನೆಯ ದಿನ, "ಸೌಂಡ್ ಜಾಸ್ತಿ ಮಾಡಿ ಅತ್ತಿಗೆ, ತಿರುವಿನವರೆಗೆ ಕೇಳ್ಬೇಕು," ಎನ್ನತೊಡಗಿದಳು. ಐದನೆಯ ದಿನ ನಾಯಿ ಮಂಚದಡಿಯಷ್ಟೇ ಇಣುಕಿತು. ಒಂಬತ್ತನೆಯ ದಿನ ಏನನ್ನೂ ಹುಡುಕದೆ ರಸ್ಕು ತಿಂದಿತು. ಮೂರು ವಾರ ಕಳೆಯುವಷ್ಟರಲ್ಲಿ ಗೇಟು ಹಾರುಹೊಡೆದಿದ್ದರೂ ಬೋಲ್ಟು ಹೊರಗೆ ಕಾಲಿಡುತ್ತಿರಲಿಲ್ಲ.

ಡ್ಯೂಟಿಗೆ ಹೊರಟ ವಾಚ್‌ಮನ್ ಅದನ್ನು ನೋಡಿ ಸೈಕಲ್ ನಿಲ್ಲಿಸಿದ. "ಪರವಾಗಿಲ್ವೇ ಅಕ್ಕ, ಬುದ್ಧಿ ಕಲಿತಿದೆ. ಹೆಂಗೆ ಕಲಿಸಿದ್ರಿ?"

"ಸುಳ್ಳು ಹೇಳಿ," ಎಂದಳು ಅವಳು.

ಅವನಿಗೆ ಅರ್ಥವಾಗಲಿಲ್ಲ. ನಕ್ಕು ಹೊರಟುಹೋದ.

ಆ ಮಧ್ಯಾಹ್ನ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಲಿಸುವ ಗಡಿಬಿಡಿಯಲ್ಲಿ ಆ ದನಿಯನ್ನು ತಾನು ಒಂದು ಸಲವೂ ಸರಿಯಾಗಿ ಕೇಳಿಸಿಕೊಂಡಿಲ್ಲ ಅನ್ನಿಸಿತು ಅವಳಿಗೆ. ಕುರ್ಚಿಯಲ್ಲಿ ಕುಳಿತು, ಕಣ್ಣು ಮುಚ್ಚಿ, ಫೋನು ಒತ್ತಿದಳು.

"ಏ ಬೋಲ್ಟು, ಬಂದೆ ಕಣೋ, ಬಂದುಬಿಟ್ಟೆ..."

ಬೋಲ್ಟು ಎದ್ದು ಬಂತು. ಬಾಲ ಅಲ್ಲಾಡಿಸುತ್ತ, ಜೊಲ್ಲು ಸುರಿಸುತ್ತ, ರಸ್ಕಿನ ಡಬ್ಬಿಯ ಮುಂದೆ ಕುಳಿತಿತು.

ಬಾಗಿಲ ಕಡೆ ತಿರುಗಿ ನೋಡಿದವಳು ಅವಳೊಬ್ಬಳೇ.