ಗುಂಡವ್ವನ ದನಿ

ಗುಂಡವ್ವ ಸತ್ತು ಹದಿನೇಳು ದಿನವಾಗಿತ್ತು. ನಡು ಮಧ್ಯಾಹ್ನ ಅವಳ ಕೋಣೆಯಿಂದ ಅವಳದೇ ದನಿ ಬಂತು.

"ಸುಭಾಸಾ... ಎದಿ ಹಿಡದೈತೋ. ಗಾಡಿ ಕರಸೋ."

ಪಡಸಾಲೆಯಲ್ಲಿದ್ದ ಮಗ ಸುಭಾಸ, ಸೊಸೆ ಮಾಲಾ ಇಬ್ಬರೂ ಕೂತಲ್ಲೇ ಬಿಗಿದುಕೊಂಡರು. ಮಾತಿನ ನಡುವಿನ ಬಿಡುವು, ಕೊನೆಯ ಸಣ್ಣ ಕೆಮ್ಮು, ಎಲ್ಲವೂ ಮುದುಕಿಯದೇ. ಕೋಣೆಯಲ್ಲಿ ಇದ್ದವಳು ಮಾತ್ರ ಅವರ ಒಂಬತ್ತು ವರ್ಷದ ಮಗಳು ಕೋಮಲ. ತಾನಾಗಿ ಮಾತಾಡದ ಹುಡುಗಿ. ಖಾಲಿ ಮಂಚದ ಕಡೆ ಮುಖ ಮಾಡಿ ಹಿಂದೆ ಮುಂದೆ ತೂಗುತ್ತ ನಿಂತಿದ್ದಳು.

"ಕೇಳಿದ್ರಿಲ್ಲೋ ಟೀಚರ?" ಸುಭಾಸ ಎದ್ದ. ಆಗಷ್ಟೇ ಬಂದು ಹೊಸ್ತಿಲಲ್ಲಿ ನಿಂತಿದ್ದವಳ ಕಡೆ ತಿರುಗಿದ. "ಇವತ್ತಿಗೆ ನಾಲ್ಕ ದಿನ ಆತು. ನಮ್ಮವ್ವ ನಿದ್ದಿಯೊಳಗ ಹೋದಾಕಿ. ಏನ ಆಸಿ ಉಳದಿತ್ತೋ, ಹುಡುಗಿ ಮೈಯಾಗ ಸೇರ್ಯಾಳ. ಚಡಚಣದ ಕಡೆ ದೆವ್ವ ಬಿಡಸಾಂವ ಒಬ್ಬ ಅದಾನ. ಬೇವಿನ ಟೊಂಗಿಲೆ ನಾಲ್ಕ ಹೊಡದರ ಇಳೀತಾಳಂತ. ಟಂಟಂ ಗಾಡಿಗೆ ಹೇಳೇನಿ, ಬರಾಕತ್ತೈತಿ."

ಶಾಲೆಗೆ ಹೋಗಲಾಗದ ಮಕ್ಕಳಿಗೆ ವಾರಕ್ಕೊಮ್ಮೆ ಮನೆಗೇ ಬಂದು ಕಲಿಸುವ ಅಬಿದಾ ಟೀಚರ್ ಚೀಲ ಕೆಳಗಿಟ್ಟಳು. "ಹ್ವಾದ ವರ್ಷ ಕೋಮಲ ಒಂದ ತಿಂಗಳ 'ಸಿಂದಗಿ, ಸಿಂದಗಿ, ಹಿಂದ ಸರೀರಿ' ಅಂತಿದ್ದಳಲ್ಲ್ರಿ. ಆವಾಗ ಕಂಡಕ್ಟರನ ದೆವ್ವ ಹೊಕ್ಕಿತ್ತೇನ್ರಿ?"

ಮಾಲಾಳ ತುಟಿಯ ಮೇಲೆ ನಗು ಬಂದು ಹೋಯಿತು.

"ಈಕಿಗೆ ಇರೂದು ಆಟಿಸಂ ರಿ. ಇಂಥಾ ಕೆಲವು ಮಕ್ಕಳು ಕೇಳಿದ್ದನ್ನ ಕೇಳಿದಂಗ, ಅದ ದನಿಯೊಳಗ ತಿರುಗಿ ಅಂತಾವ. ದಿನಾ ಬಿಟ್ಟು ಅಂತಾವ, ತಿಂಗಳಾ ಬಿಟ್ಟು ಅಂತಾವ. ಮನಸಿನ್ಯಾಗ ಇದ್ದದ್ದನ್ನ ಹೇಳಾಕ ಅವಕ್ಕ ಅದ ದಾರಿ. ಕೇಳದ ಮಾತು ಎಲ್ಲಿಂದ ತರತಾಳ, ನೀವ ಹೇಳ್ರಿ."

"ಪುಸ್ತಕದಾಗಿಂದು ಪುಸ್ತಕದಾಗ ಇರಲಿ ಬಿಡ್ರಿ" ಎಂದ ಸುಭಾಸ ಕೋಣೆಗೆ ಹೋಗಿ ಮಗಳ ತೋಳು ಹಿಡಿದ.

ಕೋಮಲ ತೂಗುವುದನ್ನು ನಿಲ್ಲಿಸಿದಳು. ಎಳೆಯ ಗಂಟಲಿನಿಂದ ಸುಭಾಸನ ದನಿ ಹೊರಬಂತು. "ದಿನಾ ಇದ ನಾಟಕ ನಿಂದು. ಲಿಂಬಿ ಗಾಡಿ ಇಂಡಿಗೆ ಕಳಿಸಿ ಬರ್ತೇನಿ. ಸುಮ್ಮ ಮಲ್ಕೊ." ಆಮೇಲೆ ನಾಲಿಗೆಯಿಂದ ಒಂದು ಸದ್ದು ಮಾಡಿದಳು: ಟಕ್. ಅವಳು ರಸ್ತೆಗೆ ಓಡಬಾರದೆಂದು ಅಜ್ಜಿಯ ಜೊತೆ ಒಳಗೆ ಬಿಟ್ಟು, ಆ ಕೋಣೆಗೆ ಹೊರಗಿನಿಂದ ಹಾಕುತ್ತಿದ್ದ ಚಿಲಕದ ಸದ್ದು.

ಸುಭಾಸನ ಕೈ ಸಡಿಲವಾಯಿತು. ಹೊರಗೆ ಟಂಟಂ ಹಾರ್ನ್ ಹೊಡೆಯಿತು.

"ತಿರುಗಿ ಕಳಸ್ರಿ ಅದನ್ನ." ಮಾಲಾ ಗಂಡನೆದುರು ಅಷ್ಟು ಗಟ್ಟಿಯಾಗಿ ಎಂದೂ ಮಾತಾಡಿರಲಿಲ್ಲ. "ನಿದ್ದಿಯೊಳಗ ಹೋದಳಂತ ಊರಿಗೆಲ್ಲ ಹೇಳಿದ್ರಿ. ನನಗೂ ಹೇಳಿದ್ರಿ. ಇನ್ನ ನನ್ನ ಮಗಳಿಗೆ ಯಾರರ ಕೈ ಹಚ್ಚಿದ್ರ ನೋಡ್ರಿ ಮತ್ತ!" ಮಗಳನ್ನು ತನ್ನತ್ತ ಎಳೆದುಕೊಂಡು ಕೂತಳು. "ಹೇಳವಾ ಕೋಮಲಾ. ಮುಂದ ಏನಾತು? ನಾ ಕೇಳ್ತೇನಿ."

ಕೋಮಲ ಅವಳ ಮುಖ ನೋಡಲಿಲ್ಲ. ಮುದುಕಿಯ ದನಿ ಮರಳಿತು, ಈ ಸಲ ಬಲು ಕ್ಷೀಣವಾಗಿ. "ಬಾಗಲಾ ಬಡಿ ನನ್ನವ್ವಾ... ನಿಮ್ಮವ್ವಗ ಕೇಳೂವಂಗ ಬಡಿ."

ಹುಡುಗಿ ತಾಯಿಯ ಕೈ ಬಿಡಿಸಿಕೊಂಡು ಹೋಗಿ, ತೆರೆದೇ ಇದ್ದ ಬಾಗಿಲನ್ನು ಎರಡೂ ಅಂಗೈಗಳಿಂದ ಬಡಿಯತೊಡಗಿದಳು. ಬಹಳ ಹೊತ್ತು ಬಡಿದಳು. ಟೀಚರ್ ಆಗಲಿ ಸುಭಾಸನಾಗಲಿ ತಡೆಯಲಿಲ್ಲ. ಒಮ್ಮೆಲೇ ನಿಲ್ಲಿಸಿ, ಅಡುಗೆಮನೆಯ ದಿಕ್ಕಿಗೆ ಕಿವಿಗೊಟ್ಟಳು. ನಂತರ ಮಾಲಾಳ ದನಿಯಲ್ಲಿ ಕೂಗಿದಳು:

"ಏ ಕೋಮಲಾ, ಏನ ಗದ್ದಲ ಅದು! ರೊಟ್ಟಿ ಆಗಲಿ, ಬರ್ತೇನಿ. ಸುಮ್ಮ ಕುಂದ್ರ!"